ಅಳಿಯನಿಗೆ ಏಡಿಸಾರು

ಶಾಯಲ್ ತನ್ನ ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ತವರಿಗೆ ಬಂದ ಶನಿವಾರ ಮನೆಯಲ್ಲಿ ನಾಲ್ಕೇ ಏಡಿಗಳಿದ್ದವು.

ಅವಳ ಅಪ್ಪ ಕುಪ್ಪುಸ್ವಾಮಿ ಬೆಳಿಗ್ಗೆಯೇ ಲಬಾಸಾ ಪೇಟೆಯ ಮಾರ್ಕೆಟ್ಟಿಗೆ ಹೋಗಿ ತಂದಿದ್ದ. ಮೂವತ್ತು ವರ್ಷ ಕಬ್ಬಿನ ಲಾರಿ ಓಡಿಸಿದ ಮನುಷ್ಯ, ಈಗ ಸೊಂಟ ಹಿಡಿದುಕೊಂಡು ಮನೆಯಲ್ಲೇ ಇದ್ದ. ಅವನು ಯಾರಿಗೂ ಬಿಟ್ಟುಕೊಡದ ಒಂದೇ ಕೆಲಸವೆಂದರೆ ಏಡಿ ಆರಿಸುವುದು. ಮಗ ಶಾಲ್ವಿನ್‌ಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಹದಿನೈದು ದಿನಕ್ಕೊಮ್ಮೆ ಸಂಬಳ. ಅದರ ಮರುದಿನ ಕುಪ್ಪುಸ್ವಾಮಿ ಮಾರ್ಕೆಟ್ಟಿನ ಹಿಂಬದಿಗೆ ಹೋಗಿ, ಕಾಂಡ್ಲಾ ಕಾಡಿನ ಹಳ್ಳಿಯಿಂದ ಬರುವ ಲವೇನಿಯಾಳ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಬಳ್ಳಿಯಿಂದ ಬಿಗಿದ ಏಡಿಗಳನ್ನು ಒಂದೊಂದಾಗಿ ಮಗುಚಿ, ಹೊಟ್ಟೆಯ ಪಕ್ಕದಲ್ಲಿ ಹೆಬ್ಬೆರಳಿನಿಂದ ಒತ್ತಿ, ಅಂಗೈಯಲ್ಲಿ ತೂಗಿ ನೋಡುತ್ತಿದ್ದ. ಒತ್ತಿದ ಚಿಪ್ಪು ಬಾಗಿದರೆ ಒಳಗೆ ಬರೀ ನೀರು. ಬಾಯಲ್ಲಿ ನೊರೆ ಬರುತ್ತಿರಬೇಕು, ಕಣ್ಣು ಮುಟ್ಟಿದರೆ ಒಳಗೆಳೆದುಕೊಳ್ಳಬೇಕು. ಹೆಣ್ಣು ನೋಡಲು ಬಂದವರೂ ಇಷ್ಟು ನೋಡುವುದಿಲ್ಲ ಎಂದು ಲವೇನಿಯಾ ಪ್ರತಿ ಸಲವೂ ನಗುತ್ತಿದ್ದಳು.

ಶಾಯಲ್ ಗೇಟು ತೆಗೆದಾಗ ಅವನು ನಲ್ಲಿಯ ಹತ್ತಿರ ಕೂತು, ಏಡಿಯ ಹೊಟ್ಟೆಯ ಮುಚ್ಚಳ ಎತ್ತಿ ಅದನ್ನು ಕೊಲ್ಲಲು ಸ್ಕ್ರೂಡ್ರೈವರ್ ಇಳಿಸುತ್ತಿದ್ದ. ತಲೆಯೆತ್ತಿ ನೋಡಿದರೆ ಮಗಳು, ಮೊಮ್ಮಗಳು ಆರ್ವಿ, ಒಂದು ಚೀಲ. ಗಂಡನ ಊರು ನೌಸೋರಿಯಿಂದ ಹೊರಟು, ಹಡಗಿನಲ್ಲಿ ಸಮುದ್ರ ದಾಟಿ, ನಬೊವಾಲು ಬಂದರಿನಿಂದ ಬಸ್ಸಿನಲ್ಲಿ ಬಂದಿದ್ದರು. ಅವನು ಅವಳ ಎಡಗಡೆಯಿಂದ, ಚೀಲ ಅಲ್ಲೇ ಇಡು ಎಂದ. ಅವಳು ತಿರುಗಲಿಲ್ಲ. ಇನ್ನೊಮ್ಮೆ ಕೂಗಿದ. ಆಗಲೂ ತಿರುಗಲಿಲ್ಲ.

ಅಮ್ಮ ಅಂಜಲೈ ಒಳಗಿನಿಂದ ಓಡಿ ಬಂದು ಮಗಳ ಮುಖ ಹಿಡಿದು ನೋಡಿದಳು. ಎಡಗಿವಿಯ ತಮಟೆ ಹರಿದಿದೆಯೆಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ ಎಂದು ಶಾಯಲ್ ಹೇಳಿದಳು, ಪೇಟೆಯಲ್ಲಿ ಈರುಳ್ಳಿ ಸಿಗಲಿಲ್ಲ ಎನ್ನುವ ಧಾಟಿಯಲ್ಲಿ. ಅವಳ ಗಂಡ ಕ್ರಿಶ್ನೀಲ್ ಬಸ್ ರಿಪೇರಿ ಮಾಡುವವನು. ಹೊಡೆತ ಹೊಸದಲ್ಲ. ಕಿವಿ ಮಾತ್ರ ಹೊಸದು.

ಆ ದಿನ ನಾಲ್ಕು ಏಡಿಯನ್ನು ಏಳು ಜನಕ್ಕೆ ಹಂಚಿದರು. ಚಿಪ್ಪು ಕಿತ್ತು, ಬೂದುಬಣ್ಣದ ಕಿವಿರು ತೆಗೆದು, ನಡುವೆ ಎರಡು ಹೋಳು ಮಾಡಿ, ಮಸಾಲೆ ಒಳಗಿಳಿಯಲೆಂದು ಇಕ್ಕಳದಂಥ ದೊಡ್ಡ ಕೊಂಬುಗಳನ್ನು ಒನಕೆಯ ತುದಿಯಿಂದ ಬಿರುಕು ಬಿಡಿಸಿ ಅಂಜಲೈ ಸಾರು ಮಾಡಿದಳು. ಮೆಂತ್ಯ, ಬೆಳ್ಳುಳ್ಳಿ, ಕರಿಬೇವು, ಹುಣಸೆ, ಕೊನೆಗೆ ತೆಂಗಿನ ಹಾಲು. ಎಲ್ಲರಿಗೂ ಅರ್ಧರ್ಧ ಹೋಳು. ಕೊಂಬೆಲ್ಲ ಶಾಯಲ್‌ಗೆ ಮತ್ತು ಮಗುವಿಗೆ.

"ನನ್ನ ಮಗಳು ಇನ್ನು ಆ ಹೊಸ್ತಿಲು ತುಳಿಯಲ್ಲ," ಎಂದಳು ಅಂಜಲೈ, ಬಡಿಸುತ್ತಾ.

ಮೂಲೆಯ ಮಂಚದಲ್ಲಿ ಕೂತು ಉಣ್ಣುತ್ತಿದ್ದ ಕುಪ್ಪುಸ್ವಾಮಿಯ ತಾಯಿ, ಎಂಬತ್ತನಾಲ್ಕರ ಆಜಿ, ಮಗನ ಕಡೆ ನೋಡಿದಳು. "ಏಡಿನ ಅರ್ಧ ಗಂಟೆ ಒತ್ತಿ ಒತ್ತಿ ನೋಡ್ತೀಯ. ಅಳಿಯನ್ನ ಮಾತ್ರ ಒಂದು ಬಟ್ಟಲು ಯಂಗೋನಾ ಬೇರಿನ ರಸ ಕುಡಿಯೋದ್ರೊಳಗೆ ಒಪ್ಕೊಂಬಿಟ್ಟೆ."

ಕುಪ್ಪುಸ್ವಾಮಿ ಅನ್ನ ಕಲಸಿದ.

ಮೊದಲ ವಾರ ಮನೆಯೆಲ್ಲ ಒಂದೇ ಬಾಯಾಗಿತ್ತು. ಶಾಲ್ವಿನ್ ನೌಸೋರಿಗೆ ಹೋಗಿ ಅವನ ಕೈ ಮುರಿಯುತ್ತೇನೆಂದು ಎಂಟು ದಿನ ಹೇಳಿದ. ಒಂಬತ್ತನೇ ದಿನ ಹೇಳಲಿಲ್ಲ. ಅಕ್ಕಪಕ್ಕದವರಿಗೆ, ಅತ್ತಿಗೆಯ ಬಾಣಂತನಕ್ಕೆ ನೆರವಾಗಲು ಬಂದಿದ್ದಾಳೆ ಎಂದು ಅಂಜಲೈ ಹೇಳಿದಳು. ಅದು ಪೂರ್ತಿ ಸುಳ್ಳೂ ಅಲ್ಲ. ಶಾಲ್ವಿನ್‌ನ ಹೆಂಡತಿ ಪ್ರನೀತಾಗೆ ಆಗ ಆರು ತಿಂಗಳು. ಶಾಯಲ್ ಬಂದ ಮರುದಿನದಿಂದಲೇ ಎಲ್ಲರ ಬಟ್ಟೆ ಒಗೆದಳು, ಆಜಿಯ ಕಾಲಿಗೆ ಎಣ್ಣೆ ಹಚ್ಚಿದಳು, ಬೆಳಿಗ್ಗೆ ಇಪ್ಪತ್ತೈದು ರೊಟ್ಟಿ ತಟ್ಟಿದಳು. ಎಡಗಡೆಯಿಂದ ಕರೆದರೆ ಮಾತ್ರ ಅವಳಿಗೆ ಕೇಳುತ್ತಿರಲಿಲ್ಲ. ಅದನ್ನು ಎಲ್ಲರೂ ಕಲಿತುಕೊಂಡರು, ಕೆಲವೊಮ್ಮೆ ಮರೆತರು. ಮರೆತಾಗ, "ಎಷ್ಟು ಸಲ ಕೂಗೋದು ನಿನ್ನ" ಎಂದು ಗದರಿ, ಆಮೇಲೆ ನಾಲಿಗೆ ಕಚ್ಚಿಕೊಂಡರು.

ಶಾಯಲ್ ಮತ್ತು ಮಗು ಮಲಗುತ್ತಿದ್ದದ್ದು ಹಿಂದಿನ ಸಣ್ಣ ಕೋಣೆಯಲ್ಲಿ. ಹುಟ್ಟುವ ಕೂಸಿಗೆಂದು ಶಾಲ್ವಿನ್ ಆ ಕೋಣೆಗೆ ಹಸಿರು ಬಣ್ಣ ಹೊಡೆದಿದ್ದ. ಹೆರಿಗೆಗೆ ಪ್ರನೀತಾಳ ಅಮ್ಮ ತವೇಉನಿ ದ್ವೀಪದಿಂದ ಬಂದು ಅಲ್ಲೇ ಇರುವುದೆಂದು ಮಾತಾಗಿತ್ತು. ಪ್ರನೀತಾ ಮೊದಮೊದಲು ಆ ವಿಷಯ ಎತ್ತಲಿಲ್ಲ. ಅವಳು ಕೆಟ್ಟವಳಲ್ಲ. ಕೂಸಿನ ಬಟ್ಟೆಗಳನ್ನು ಒಗೆದು, ಮಡಿಸಿ, ತನ್ನ ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಸುಮ್ಮನಾದಳು.

ಮುಂದಿನ ಸಂಬಳದ ಶನಿವಾರ ಕುಪ್ಪುಸ್ವಾಮಿಗೆ ಸೊಂಟ ಎತ್ತಲಾಗಲಿಲ್ಲ. ಶಾಲ್ವಿನ್ ಹೋಗಿ ಯಾರಿಂದಲೋ ಐದು ಏಡಿ ತಂದ. ನೋಡಲು ದೊಡ್ಡವೇ. ಕುಪ್ಪುಸ್ವಾಮಿ ಮಲಗಿದ್ದಲ್ಲಿಂದಲೇ ಒಂದನ್ನು ಕೈಗೆ ತೆಗೆದುಕೊಂಡು, ಇದನ್ನು ಊದಿದರೆ ಹಾರುತ್ತದೆ ಎಂದ. ಬೇಯಿಸಿದಾಗ ಮೂರು ಏಡಿಗಳೊಳಗೆ ಬಿಳಿ ನೀರು ಬಿಟ್ಟು ಏನೂ ಇರಲಿಲ್ಲ. ತಿನ್ನಲು ಬಂದದ್ದು ಎರಡೇ.

ಅಂಜಲೈ ಬಡಿಸುವಾಗ ಪ್ರನೀತಾಳ ತಟ್ಟೆಗೆ ಸಾರು ಮಾತ್ರ ಹಾಕಿದಳು, ಹೋಳು ಹಾಕಲಿಲ್ಲ. ಬಸುರಿಗೆ ಏಡಿ ಉಷ್ಣ, ಕೂಸಿಗೆ ಕಜ್ಜಿಯಾಗುತ್ತದೆ ಎನ್ನುವುದು ಅವಳ ನಂಬಿಕೆ.

"ಕ್ಲಿನಿಕ್‌ನಲ್ಲಿ ತಿನ್ನಬಹುದು ಅಂದಿದ್ದಾರೆ ಅತ್ತೆ," ಎಂದಳು ಪ್ರನೀತಾ.

"ಕ್ಲಿನಿಕ್‌ನೋರು ಬಂದು ಕೂಸಿನ ಮೈ ಕೆರೀತಾರಾ?"

"ಹೋದ ಸಲ ತಿಂದಿದ್ನಲ್ಲ. ಆಗ ಉಷ್ಣ ಇರ್ಲಿಲ್ವಾ?"

"ಆಗ ಆರು ತಿಂಗಳು. ಈಗ ಏಳಕ್ಕೆ ಬಿದ್ದಿದೆ."

ಪ್ರನೀತಾ ತಟ್ಟೆಯನ್ನು ಸ್ವಲ್ಪ ಹಿಂದೆ ಸರಿಸಿದಳು. "ಉಷ್ಣ ಅಲ್ಲ ಅತ್ತೆ. ಏಡಿ ಕಡಿಮೆ. ಅದನ್ನೇ ಹೇಳಿ, ನಾನು ಬೇಜಾರು ಮಾಡ್ಕೊಳಲ್ಲ. ನನ್ನ ಗಂಡ ತಂದ ಏಡಿ, ನನ್ನ ತಟ್ಟೇಲಿಲ್ಲ ಅಷ್ಟೆ."

ಶಾಯಲ್ ತನ್ನ ತಟ್ಟೆಯ ಹೋಳನ್ನು ಎತ್ತಿ ಅವಳ ತಟ್ಟೆಗಿಟ್ಟಳು. ಪ್ರನೀತಾ ಅದನ್ನು ಮರಳಿ ಇಟ್ಟಳು. ಮತ್ತೆ ಶಾಯಲ್ ಅತ್ತ ಇಟ್ಟಳು. ಶಾಲ್ವಿನ್ ಸಿಟ್ಟಿನಿಂದ ಆ ಹೋಳನ್ನು ತೆಗೆದು ಪಾತ್ರೆಗೇ ಹಾಕಿದ. ಕೊನೆಗೆ ಅದನ್ನು ಯಾರೂ ತಿನ್ನಲಿಲ್ಲ, ಭಾನುವಾರ ನಾಯಿಗೆ ಹೋಯಿತು. ಆ ದಿನದಿಂದ ಶಾಯಲ್ ಎಲ್ಲರದೂ ಊಟವಾದ ಮೇಲೆ ಒಬ್ಬಳೇ ಕೂತು ಉಣ್ಣತೊಡಗಿದಳು. ಯಾಕೆಂದು ಯಾರೂ ಕೇಳಲಿಲ್ಲ, ಕೇಳಿದರೆ ಉತ್ತರ ಬರುತ್ತದೆ ಎಂದು.

ಅದರ ಮುಂದಿನ ವಾರ ಅವಳಿಗೆ ಮಾರ್ಕೆಟ್ಟಿನ ಎದುರಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಎಂಟರಿಂದ ಸಂಜೆ ಐದು. ಥಾನು ಬಿಚ್ಚಿ ತೋರಿಸುವುದು, ಮತ್ತೆ ಸುತ್ತಿಡುವುದು. ಗಿರಾಕಿಗಳು ಬಲಗಡೆ ಇರುವಂತೆ ಅವಳು ಮೇಜಿನ ಎಡತುದಿಯಲ್ಲಿ ನಿಲ್ಲುತ್ತಿದ್ದಳು. ಮಧ್ಯಾಹ್ನ ಡಬ್ಬಿ ತೆಗೆದುಕೊಂಡು ಹೋಗಿ ಲವೇನಿಯಾಳ ಪಕ್ಕ ಕೂತು ಉಣ್ಣುತ್ತಿದ್ದಳು. ಮೊದಲ ಹದಿನೆಂಟು ದಿನ ಅವಳು ಮನೆಯಲ್ಲಿ ಸ್ವಲ್ಪ ಗಟ್ಟಿಯಾಗಿ ಮಾತಾಡಿದಳು. ಪೇಟೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿಯುವ ಮಾತು ಕೂಡ ಎತ್ತಿದಳು. ಒಬ್ಬಂಟಿ ಹೆಂಗಸಿಗೆ ಕೋಣೆ ಯಾರು ಕೊಡುತ್ತಾರೆ ಎಂದು ಅಪ್ಪ ಕೇಳಿದ. ಕೊಡುವವರಿದ್ದಾರೆ, ನಾನು ವಿಚಾರಿಸಿದ್ದೇನೆ ಎಂದಳು. ಅಪ್ಪನಿಗೆ ಅದಂತೂ ಹಿಡಿಸಲೇ ಇಲ್ಲ.

ಹತ್ತೊಂಬತ್ತನೇ ದಿನ ಪ್ರನೀತಾಗೆ ರಕ್ತ ಕಾಣಿಸಿತು. ಆಸ್ಪತ್ರೆಯಲ್ಲಿ ಮೂರು ದಿನ ಇಟ್ಟುಕೊಂಡು, ಹೆರಿಗೆಯ ತನಕ ಮಂಚ ಬಿಟ್ಟು ಇಳಿಯಬಾರದೆಂದು ಹೇಳಿ ಕಳಿಸಿದರು. ಮನೆಯಲ್ಲಿ ಈಗ ಮಂಚ ಹಿಡಿದ ಸೊಸೆ, ಏಳಲಾಗದ ಆಜಿ, ಬಗ್ಗಲಾಗದ ಗಂಡ, ಜೊತೆಗೆ ಒಂದು ನಿಮಿಷ ಕೂರದ ಆರ್ವಿ. ಎಲ್ಲಕ್ಕೂ ಅಂಜಲೈ ಒಬ್ಬಳೇ. ಎರಡು ದಿನ ನಡೆಯಿತು. ಮೂರನೆಯ ದಿನ ಆರ್ವಿ ಬೇಯುತ್ತಿದ್ದ ಗೆಣಸಿನ ಪಾತ್ರೆಯನ್ನು ಎಳೆದು ಮುಂಗೈ ಸುಟ್ಟುಕೊಂಡಳು. ದೊಡ್ಡ ಗಾಯವಲ್ಲ. ಆದರೆ ಶಾಯಲ್ ಸಂಜೆ ಬಂದಾಗ ಅಂಜಲೈ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು, ಒಲೆ ಹಚ್ಚಿರಲಿಲ್ಲ.

"ನಿನ್ನ ಮಗೂನ ನೀನು ನೋಡ್ಕೋ," ಎಂದಳು. "ನನ್ನ ಕೈಲಾಗಲ್ಲ ಇನ್ನು. ಆಗಲ್ಲ ಅಂದ್ರೆ ಆಗಲ್ಲ."

ಮರುದಿನ ಶಾಯಲ್ ಅಂಗಡಿಗೆ ಹೋಗಿ, ಬರುವುದಿಲ್ಲವೆಂದು ಹೇಳಿ ಬಂದಳು.

ಕ್ರಿಶ್ನೀಲ್ ಅಷ್ಟು ವಾರವೂ ಪ್ರತಿ ಭಾನುವಾರ ಫೋನ್ ಮಾಡುತ್ತಲೇ ಇದ್ದ. ಹೆಂಡತಿಗಲ್ಲ, ಮಾವನಿಗೆ. ಸೊಂಟ ಹೇಗಿದೆ, ಯಾವ ಎಣ್ಣೆ ಹಚ್ಚುತ್ತೀರಿ, ಅತ್ತೆಯವರು ಹುಷಾರಾ ಎಂದು ಕೇಳುತ್ತಿದ್ದ. ಅವನ ಮಾತಿನಲ್ಲಿ ಒಂದು ತಪ್ಪು ಹುಡುಕುವಂತಿರಲಿಲ್ಲ. ಮೊದಮೊದಲು ಕುಪ್ಪುಸ್ವಾಮಿ ಎರಡೇ ಮಾತಾಡಿ ಇಟ್ಟುಬಿಡುತ್ತಿದ್ದ. ಆಮೇಲೆ ಐದು ನಿಮಿಷ, ಹತ್ತು ನಿಮಿಷ. ಸ್ವಂತ ಮಗ ಕೂಡ ಅವನ ಸೊಂಟದ ವಿಚಾರ ಕೇಳುತ್ತಿರಲಿಲ್ಲ. ಶಾಯಲ್ ಕೆಲಸ ಬಿಟ್ಟ ಆ ಭಾನುವಾರ ಅವನು ವೆರಾಂಡದ ತುದಿಗೆ ಹೋಗಿ ಬಹಳ ಹೊತ್ತು ಮಾತಾಡಿ ಬಂದು, ಬರುವ ಶನಿವಾರ ಅಳಿಯ ಬರುತ್ತಾನೆ ಎಂದ.

ಯಾರೂ ಬೇಡ ಎನ್ನಲಿಲ್ಲ. ಆಜಿ ಮಾತ್ರ, "ಯಾಕಂತೆ?" ಎಂದಳು.

"ಮಾತಾಡೋಕೆ."

"ಮಾತಾಡೋಕೆ ಫೋನಿಲ್ವಾ? ವಾರ ವಾರ ಆಡ್ತಿದೀಯಲ್ಲ."

"ನೀನು ಸುಮ್ನಿರವ್ವ. ಮನೆ ನಡೆಸೋರಿಗೆ ಗೊತ್ತು ಕಷ್ಟ."

"ಶಾಯಲ್ ನನ್ನ ಮಂಚದಲ್ಲಿ ಮಲಗ್ಲಿ. ನಾನು ಎಷ್ಟು ಜಾಗ ಹಿಡಿತೀನಿ?" ಎಂದಳು ಆಜಿ. ಆ ಮಾತು ಯಾರ ಕಿವಿಗೂ ಬೀಳದಂತೆ ಶಾಲ್ವಿನ್ ಎದ್ದು ಹೋಗಿ ನಲ್ಲಿ ತಿರುಗಿಸಿ ಕೈ ತೊಳೆದ.

ಶನಿವಾರ ಬೆಳಿಗ್ಗೆ ಕುಪ್ಪುಸ್ವಾಮಿ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಮಾರ್ಕೆಟ್ಟಿಗೆ ಹೋದ. ಅಳಿಯ ಮನೆಗೆ ಬಂದರೆ ಏಡಿ ಆಗಲೇಬೇಕು. ಟಿನ್ ಮೀನು ಬಡಿಸಿದರೆ ಮನೆಯ ಮಾನ ಹೋಗುತ್ತದೆ. ಆರು ಏಡಿ ಆರಿಸಿದ. ಎಲ್ಲವೂ ಗಂಡು, ಅಂಗೈಯಗಲದ ಕೊಂಬಿನವು, ಎತ್ತಿದರೆ ಮಣಿಕಟ್ಟು ಜಗ್ಗುವಂಥವು. ಅಳಿಯ ಬರುತ್ತಿದ್ದಾನೆ ಎಂದು ಹೇಳಿದಾಗ ಲವೇನಿಯಾ ಈ ಸಲ ನಗಲಿಲ್ಲ.

"ಶಾಯಲ್‌ಳ ಕಿವಿ ವಾಸಿಯಾಯ್ತಾ?" ಎಂದು ಕೇಳಿದಳು.

ಅವನು ಇದುವರೆಗೂ ಊರಿಗೆ ಗೊತ್ತಿಲ್ಲವೆಂದು ತಿಳಿದಿದ್ದ. ಹಣ ಕೊಟ್ಟು ಎದ್ದ. ಲವೇನಿಯಾ ಹಿಂದಿನಿಂದ ಕರೆದು ಒಂದು ಹೆಣ್ಣೇಡಿಯನ್ನು ಚೀಲಕ್ಕೆ ಹಾಕಿದಳು. ಇದು ಮಾರಾಟಕ್ಕಲ್ಲ, ಶಾಯಲ್‌ಗೆ ಎಂದಳು.

ಅಡುಗೆಮನೆಯಲ್ಲಿ ತಾಯಿ ಮಗಳು ಇಬ್ಬರೇ ಇದ್ದರು. ಶಾಯಲ್ ಏಡಿ ತೊಳೆದು ಹೋಳು ಮಾಡುತ್ತಿದ್ದಳು. ಹೆಣ್ಣೇಡಿಯ ಚಿಪ್ಪು ಕಿತ್ತಾಗ ಒಳಗೆ ಕೆಂಪು ತತ್ತಿ ಗಟ್ಟಿಯಾಗಿ ತುಂಬಿತ್ತು. ಅದನ್ನು ಅವಳು ಬೇರೆ ಬಟ್ಟಲಿಗೆ ತೆಗೆಯಲಿಲ್ಲ, ಎಲ್ಲದರ ಜೊತೆಗೇ ಹಾಕಿದಳು. ಅಂಜಲೈ ಮಸಾಲೆ ಅರೆಯುತ್ತಿದ್ದಳು. ಸಾರಿಗೆ ಒಗ್ಗರಣೆ ಬಿದ್ದ ಮೇಲೆ ಶಾಯಲ್ ಕೈ ಒರೆಸಿಕೊಂಡು ಅಮ್ಮನ ಎದುರಿಗೆ ಬಂದು ನಿಂತಳು.

"ಅಮ್ಮ, ಹೋಗು ಅಂತ ನೀನು ಒಂದ್ಸಲ ಬಾಯಿಬಿಟ್ಟು ಹೇಳು."

"ನಾನ್ಯಾಕೆ ಹೇಳ್ಲಿ?"

"ಹಾಗಾದ್ರೆ ಇರು ಅಂತನಾದ್ರೂ ಹೇಳು."

ಅಂಜಲೈ ಸಾರು ಕದಡಿದಳು. "ಹುಣಸೆ ಹಿಂಡಿದ್ಯಾ?" ಎಂದಳು.

ಶಾಯಲ್ ಹುಣಸೆ ಹಿಂಡಿದಳು.

ಕ್ರಿಶ್ನೀಲ್ ಮೂರು ಗಂಟೆಯ ಬಸ್ಸಿಗೆ ಬಂದ. ಬಿಳಿ ಅಂಗಿ, ಮಾವನಿಗೆ ಯಂಗೋನಾ ಪುಡಿಯ ಪೊಟ್ಟಣ, ಆಜಿಗೆ ಬಿಸ್ಕತ್ತು, ಮಗಳಿಗೆ ಗೊಂಬೆ. ಎಲ್ಲರ ಕಾಲಿಗೂ ಬಗ್ಗಿದ. ಊಟಕ್ಕೆ ಮೇಜಿನ ಸುತ್ತ ಕೂತರು. ಅವನು ಹೆಂಡತಿಯ ಎಡಗಡೆ ಕೂತ. ಆಜಿಯನ್ನೂ ಹಿಡಿದು ತಂದು ಕೂರಿಸಿದರು. ಪ್ರನೀತಾ ಕೂಡ ಅರ್ಧ ಗಂಟೆಯ ಮಟ್ಟಿಗೆ ಎದ್ದು ಬಂದಿದ್ದಳು. ಹೊಟ್ಟೆ ಮೇಜಿಗೆ ತಾಗುತ್ತದೆಂದು ಅಡುಗೆಮನೆಯ ಬಾಗಿಲಲ್ಲಿ ತಗ್ಗಿನ ಮಣೆ ಹಾಕಿಕೊಂಡು ಕೂತಳು. ಅಂಜಲೈ ಬಡಿಸಿದಳು. ಈ ಸಲ ಎಲ್ಲರಿಗೂ ಒಂದೊಂದು ಇಡೀ ಕೊಂಬು ಬಂತು.

ಕ್ರಿಶ್ನೀಲ್ ಚೆನ್ನಾಗಿ ಮಾತಾಡಿದ. ಕುಡಿಯುವುದು ಬಿಟ್ಟು ಐದು ವಾರವಾಯಿತು ಎಂದ. ಜನವರಿಗೆ ಆರ್ವಿಯನ್ನು ಶಾಲೆಗೆ ಹಾಕಬೇಕು ಎಂದ. ಕೊಂಬನ್ನು ಹಲ್ಲಿನಲ್ಲಿ ಒಡೆಯದೆ ಬೆರಳಲ್ಲೇ ಮುರಿದು, ಒಳಗಿನ ಬಿಳಿ ಮಾಂಸ ತುಂಡಾಗದಂತೆ ಎಳೆದು ಮಗಳ ತಟ್ಟೆಗಿಟ್ಟ. ಕುಪ್ಪುಸ್ವಾಮಿಗೆ ಅದನ್ನು ನೋಡಿ ಮನಸ್ಸು ತುಂಬಿ ಬಂತು. ಏನೇ ಆಗಲಿ ಮಗುವಿನ ಮೇಲೆ ಜೀವ ಇಟ್ಟಿದ್ದಾನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಆಜಿ ತನ್ನ ಹೋಳನ್ನು ಮುಟ್ಟಿರಲಿಲ್ಲ. ಅವನ ಕೈಯನ್ನೇ ನೋಡುತ್ತಿದ್ದಳು.

"ಈಗ ಏಡಿ ಮುರೀತಿದೀಯಲ್ಲ," ಎಂದಳು, "ಅದೇ ಕೈಯಾ?"

ಕುಪ್ಪುಸ್ವಾಮಿ ತಾಯಿಗೆ ಸುಮ್ಮನೆ ಉಣ್ಣಲು ಹೇಳಿದ. ಅವಳು ಉಣ್ಣಲಿಲ್ಲ, ಕಣ್ಣೂ ತೆಗೆಯಲಿಲ್ಲ.

ಕ್ರಿಶ್ನೀಲ್ ತಲೆ ತಗ್ಗಿಸಿದ. "ಹೌದು ಆಜಿ. ತಪ್ಪಾಯ್ತು. ನಿಮ್ಮ ಕಾಲು ಬೇಕಾದ್ರೂ ಹಿಡಿತೀನಿ."

"ಹಿಡಿಬೇಡ. ಆ ಕೈ ನನಗೆ ಬೇಡ."

ಅಷ್ಟರಲ್ಲಿ ಆರ್ವಿ ಗಾಬರಿಯಲ್ಲಿ ತಟ್ಟೆ ಮಗುಚಿದಳು. ಕೆಂಪು ಸಾರು ಅಪ್ಪನ ಬಿಳಿ ಅಂಗಿಯ ಮೇಲೆ ಹರಿದು, ಏಡಿಯ ಕಾಲುಗಳು ನೆಲಕ್ಕೆ ಬಿದ್ದವು. ಪರವಾಗಿಲ್ಲ ಬಂಗಾರಿ, ಪರವಾಗಿಲ್ಲ ಎಂದು ಕ್ರಿಶ್ನೀಲ್ ನಕ್ಕ. ಮೇಜಿನ ಮೇಲೆ ಅವನ ಮುಖ ನಗುತ್ತಿತ್ತು. ಮೇಜಿನ ಕೆಳಗೆ ಅವನ ಬಲಗೈ ಶಾಯಲ್‌ಳ ಮಣಿಕಟ್ಟನ್ನು ಹಿಡಿದು ತಿರುಚುತ್ತಿತ್ತು. ಮಣೆಯ ಮೇಲೆ ಕೂತಿದ್ದ ಪ್ರನೀತಾಗೆ ಅದು ನೇರವಾಗಿ ಕಂಡಿತು. ಶಾಯಲ್‌ಳ ಬೆರಳುಗಳು ಬಿಳಿಚಿಕೊಂಡು ಒಂದೊಂದಾಗಿ ಬಿಚ್ಚಿಕೊಂಡವು. ಅವಳು ಮುಖದ ಮೇಲೆ ಏನನ್ನೂ ತೋರಿಸಲಿಲ್ಲ. ಅಭ್ಯಾಸವಾದವರ ಮುಖ.

ಪ್ರನೀತಾ ಬಾಯಿ ತೆರೆದಳು. ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆ ನೆನಪಾಯಿತೋ, ಆಸ್ಪತ್ರೆಯ ಮಾತು ನೆನಪಾಯಿತೋ, ಆಮೇಲೆ ಅವಳಿಗೇ ಹೇಳಲಾಗಲಿಲ್ಲ. ಬಾಯಿ ಮುಚ್ಚಿದಳು. ಅಂಜಲೈ ಬಟ್ಟೆ ತಂದು, ಬಗ್ಗಿ, ನೆಲದ ಮೇಲಿನ ಏಡಿಕಾಲುಗಳನ್ನು ಹೆಕ್ಕಿ ಸಾರು ಒರೆಸಿದಳು. ಎದ್ದು ನಿಂತು ಪಾತ್ರೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಕೊಂಬನ್ನು ಅಳಿಯನ ತಟ್ಟೆಗೆ ಹಾಕಿದಳು.

ಊಟವಾದ ಮೇಲೆ ಶಾಯಲ್ ವೆರಾಂಡದಲ್ಲಿ ಅಪ್ಪನ ಹತ್ತಿರ ಹೋಗಿ, ನಾಳೆ ಬೆಳಿಗ್ಗೆಯ ಬಸ್ಸಿಗೆ ಹೋಗುತ್ತೇನೆ ಎಂದಳು. ಆರ್ವಿಯ ಬಟ್ಟೆ ಒಣಗಿಲ್ಲ, ಒದ್ದೆಯದನ್ನೇ ತೆಗೆದುಕೊಂಡು ಹೋಗುತ್ತೇನೆ ಎಂದಳು. ಕುಪ್ಪುಸ್ವಾಮಿ ಅವಳ ತಲೆಯ ಮೇಲೆ ಕೈಯಿಟ್ಟು, ಎಲ್ಲ ಸರಿಹೋಗುತ್ತದೆ ಮಗಳೇ ಎಂದ. ಅವನು ನಿಂತಿದ್ದದ್ದು ಅವಳ ಎಡಗಡೆ.

ಬೆಳಿಗ್ಗೆ ಶಾಲ್ವಿನ್ ಆ ಮೂವರನ್ನೂ ಬಸ್ ಸ್ಟ್ಯಾಂಡಿಗೆ ಬಿಟ್ಟು ಬರಲು ಹೋದ. ಆಜಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಶಾಯಲ್ ಕಾಲು ಮುಟ್ಟಿದಾಗಲೂ ತಿರುಗಲಿಲ್ಲ. ಹೋಗುವಾಗ ಶಾಯಲ್ ಹಿಂದಿನ ಕೋಣೆಯ ಹಾಸಿಗೆ ಸುತ್ತಿಟ್ಟು, ನೆಲ ಒರೆಸಿ, ಕಿಟಕಿ ತೆರೆದಿಟ್ಟಿದ್ದಳು.

ಪ್ರನೀತಾ ಆಸ್ಪತ್ರೆಯವರ ಮಾತು ಮೀರಿ ಮಂಚದಿಂದಿಳಿದು, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಅಂಜಲೈ ಹಿತ್ತಲ ಬಾಗಿಲಲ್ಲಿ ಕೂತು ನಿನ್ನೆಯ ದೊಡ್ಡ ಪಾತ್ರೆಯನ್ನು ಬೂದಿ ಹಾಕಿ ತಿಕ್ಕುತ್ತಿದ್ದಳು. ಪಕ್ಕದಲ್ಲಿ ಚಿಪ್ಪುಗಳ ರಾಶಿಗೆ ನೊಣ ಮುತ್ತಿತ್ತು.

"ಅತ್ತೆ," ಎಂದಳು ಪ್ರನೀತಾ. "ನಿನ್ನೆ ಮೇಜಿನ ಕೆಳಗೆ... ಅವನು ಅವಳ ಕೈ ತಿರುಚ್ತಿದ್ದ. ನಾನು ನೋಡ್ದೆ. ಹೇಳ್ಲಿಲ್ಲ."

ಅಂಜಲೈಯ ಕೈ ನಿಲ್ಲಲಿಲ್ಲ.

"ಬಗ್ಗಿ ನೆಲ ಒರೆಸಿದೋಳು ನಾನಲ್ವಾ," ಎಂದಳು.

ಪ್ರನೀತಾ ಬಾಗಿಲಿಗೆ ಒರಗಿ ನಿಂತಳು. ಅಂಜಲೈ ಪಾತ್ರೆಯನ್ನು ತೊಳೆದು, ಬಿಸಿಲಿಗೆ ಹಿಡಿದು ನೋಡಿ, ತಳದಲ್ಲಿ ಇನ್ನೂ ಮಸಿ ಉಳಿದಿದೆಯೆಂದು ಮತ್ತೆ ಬೂದಿ ಹಾಕಿದಳು.

"ನಿಂತ್ಕೋಬೇಡ," ಎಂದಳು. "ಹೋಗಿ ಮಲಕ್ಕೋ. ನಿಮ್ಮಮ್ಮನಿಗೆ ಫೋನ್ ಮಾಡು, ಕೋಣೆ ಖಾಲಿಯಾಗಿದೆ, ಬರಬಹುದು ಅಂತ."